ಬ್ಯಾಟರಿ ಪದೇ ಪದೇ ಮಲಗುತ್ತಿದೆಯಾ? ಹೊಸದು ತರುವ ಮೊದಲು ಬೈಕಿಗೆ ಮೀಟರ್ ಹಿಡಿಯಿರಿ

ಬೆಳಿಗ್ಗೆ ಸೆಲ್ಫ್ ಒತ್ತಿದರೆ ಬರೀ ಟಿಕ್ ಟಿಕ್ ಸದ್ದು. ಹಾರ್ನ್ ಗಂಟಲು ಕಟ್ಟಿದ ಹಾಗೆ ಕೂಗುತ್ತದೆ. ಇಂಡಿಕೇಟರ್ ಹಾಕಿದರೆ ಮಿಣುಕುವುದಿಲ್ಲ, ಮಂಕಾಗಿ ಉರಿದು ಹಾಗೇ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ, ಹೊಸ ಬ್ಯಾಟರಿ ಹಾಕಿಸುವುದು. ಎರಡು ತಿಂಗಳು ಕಳೆದರೆ ಅದೂ ಮಲಗುತ್ತದೆ.

ನನ್ನ ಹಳೆಯ 100 ಸಿಸಿ ಬೈಕಿಗೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದೆ. ಎರಡೂ ಬ್ಯಾಟರಿಗಳಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಒಂದು ಕಪ್ಲರ್‌ನಲ್ಲಿ, ಅಂದರೆ ವೈರ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್‌ನಲ್ಲಿ, ಅದರ ವಿಷಯ ಮುಂದೆ ಹೇಳುತ್ತೇನೆ. ಬ್ಯಾಟರಿ ಇಳಿದಿದೆ ಎಂದರೆ ಬ್ಯಾಟರಿ ಹಾಳಾಗಿದೆ ಎಂದು ಅರ್ಥ ಅಲ್ಲ. ಅದಕ್ಕೆ ಕರೆಂಟ್ ಬರುತ್ತಿಲ್ಲದೆ ಇರಬಹುದು, ಬಂದದ್ದು ಸೋರಿ ಹೋಗುತ್ತಿರಬಹುದು, ಅಥವಾ ನಿಜವಾಗಿಯೂ ಅದರ ಆಯಸ್ಸು ಮುಗಿದಿರಬಹುದು. ಮೂರರಲ್ಲಿ ಯಾವುದು ಎಂದು ತಿಳಿಯಲು ಒಂದು ಮಲ್ಟಿಮೀಟರ್ ಮತ್ತು ಒಂದು ಭಾನುವಾರ ಬೆಳಿಗ್ಗೆ ಸಾಕು.

ಇಲ್ಲಿ ಹೇಳುವುದೆಲ್ಲ 100ರಿಂದ 125 ಸಿಸಿಯ ಬೈಕು, ಸ್ಕೂಟರ್, ಮೊಪೆಡ್‌ಗಳಿಗೆ ಹೊಂದುತ್ತದೆ. ಅಂದರೆ ಎಂಜಿನ್ ಒಳಗೆ ಮ್ಯಾಗ್ನೆಟ್ ತಿರುಗಿ ಕರೆಂಟ್ ಹುಟ್ಟುವ ಸಣ್ಣ ಗಾಡಿಗಳಿಗೆ.

ಮೊದಲು ಕರೆಂಟಿನ ದಾರಿ ತಿಳಿದುಕೊಳ್ಳಿ

ಎಂಜಿನ್ನಿನ ಸೈಡ್ ಕವರ್ ಒಳಗೆ ಒಂದು ಕಾಯಿಲ್ ಪ್ಲೇಟ್ ಇದೆ, ಅದರ ಸುತ್ತ ಮ್ಯಾಗ್ನೆಟ್ ತಿರುಗುತ್ತದೆ. ಕಾಯಿಲ್‌ನಲ್ಲಿ ಎಸಿ ಕರೆಂಟ್ ಹುಟ್ಟುತ್ತದೆ. ಎಂಜಿನ್ ಜೋರಾದಷ್ಟೂ ಅದರ ವೋಲ್ಟ್ ಏರುತ್ತದೆ. ಈ ಕರೆಂಟನ್ನು ಹಾಗೇ ಬ್ಯಾಟರಿಗೆ ಬಿಡಲು ಆಗುವುದಿಲ್ಲ. ಅದಕ್ಕೇ ನಡುವೆ ಅಲ್ಯೂಮಿನಿಯಂ ರೆಕ್ಕೆಗಳಿರುವ ಒಂದು ಸಣ್ಣ ಡಬ್ಬಿ ಇರುತ್ತದೆ. ಮೆಕ್ಯಾನಿಕ್‌ಗಳು ಆರ್‌ಆರ್ ಯೂನಿಟ್ ಅಥವಾ ಬರೀ ರೆಕ್ಟಿಫೈಯರ್ ಅನ್ನುತ್ತಾರೆ. ಅದರ ಕೆಲಸ ಎರಡು, ಎಸಿಯನ್ನು ಡಿಸಿ ಮಾಡುವುದು ಮತ್ತು ಜಾಸ್ತಿ ಬಂದ ವೋಲ್ಟನ್ನು ತಡೆಯುವುದು. ಓಡಿಸಿ ನಿಲ್ಲಿಸಿದಾಗ ಅದು ಬಿಸಿಯಾಗಿರುವುದು ಸಹಜ.

ಇನ್ನೊಂದು ವಿಷಯ ತಿಳಿಯದೆ ಲೈಟ್ ರಿಪೇರಿಗೆ ಕೈ ಹಾಕಬೇಡಿ. ಬೈಕಿನ ಎಲ್ಲ ಲೈಟೂ ಬ್ಯಾಟರಿಯಿಂದ ಉರಿಯುವುದಿಲ್ಲ! ಹೀರೋ ಹೋಂಡಾ ಕಾಲದ ಕಿಕ್ ಬೈಕುಗಳಲ್ಲಿ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ನ್ಯೂಟ್ರಲ್ ಲೈಟ್ ಬ್ಯಾಟರಿಯ ಮೇಲೆ ನಡೆದರೆ, ಹೆಡ್‌ಲೈಟ್, ಟೇಲ್ ಲೈಟ್ ಮತ್ತು ಸ್ಪೀಡೋಮೀಟರ್ ಒಳಗಿನ ದೀಪ ನೇರವಾಗಿ ಕಾಯಿಲ್‌ನ ಎಸಿ ಮೇಲೆ ಉರಿಯುತ್ತವೆ. ಅಂಥ ಬೈಕಿನಲ್ಲಿ ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಬದಲಿಸಿ ಏನೂ ಪ್ರಯೋಜನ ಇಲ್ಲ.

ನಿಮ್ಮದು ಯಾವುದು ಎಂದು ಹೇಗೆ ತಿಳಿಯುವುದು? ಎಂಜಿನ್ ನಿಲ್ಲಿಸಿ, ಕೀ ಆನ್ ಮಾಡಿ, ಹೆಡ್‌ಲೈಟ್ ಸ್ವಿಚ್ ಹಾಕಿ. ಹತ್ತಿದರೆ ಡಿಸಿ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ಚೇ ಇಲ್ಲ, ಎಂಜಿನ್ ಚಾಲೂ ಆದರೆ ಲೈಟ್ ತಾನಾಗಿ ಹತ್ತುತ್ತದೆ. ಅವುಗಳಲ್ಲಿ ಈ ಪರೀಕ್ಷೆ ಸಾಲದು, ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಕಪ್ಲರ್‌ನಲ್ಲಿ ಮೀಟರಿನ ಡಿಸಿ ರೇಂಜ್ ಹಿಡಿಯಬೇಕು. 12ರಿಂದ 14 ತೋರಿಸಿದರೆ ಡಿಸಿ. ಸೊನ್ನೆಯ ಹತ್ತಿರ ಇದ್ದೂ ಬಲ್ಬ್ ಉರಿಯುತ್ತಿದ್ದರೆ ಎಸಿ. ಮೊದಲು ಡಿಸಿ ರೇಂಜಿನಲ್ಲೇ ನೋಡಿ, ಯಾಕೆಂದರೆ ಅಗ್ಗದ ಹಳದಿ ಮೀಟರ್‌ಗಳು ಎಸಿ ರೇಂಜಿನಲ್ಲಿ ಡಿಸಿ ಹಿಡಿದರೂ ಏನೋ ಒಂದು ದೊಡ್ಡ ಸಂಖ್ಯೆ ತೋರಿಸಿ ದಾರಿ ತಪ್ಪಿಸುತ್ತವೆ.

ಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ನಯವಾದ ಸ್ಯಾಂಡ್ ಪೇಪರ್, ಒಂದೆರಡು ಹೊಸ ಫ್ಯೂಸ್. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿಟ್ಟುಕೊಂಡರೆ ಅದೇ ಟೆಸ್ಟ್ ಲ್ಯಾಂಪ್. ಮೀಟರಿಗಿಂತ ಕೆಲವೊಮ್ಮೆ ಅದೇ ಒಳ್ಳೆಯದು. ಒಂದೇ ಒಂದು ಎಳೆ ಉಳಿದಿರುವ ವೈರ್‌ನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಆದರೆ ಬಲ್ಬ್ ಆ ವೈರ್‌ನಲ್ಲಿ ಸರಿಯಾಗಿ ಉರಿಯುವುದಿಲ್ಲ.

ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೊದಲು ಪ್ಲಸ್. ಬ್ಯಾಟರಿ ಬಿಚ್ಚಿಟ್ಟು ಎಂಜಿನ್ ಮಾತ್ರ ಯಾವ ಕಾರಣಕ್ಕೂ ಓಡಿಸಬೇಡಿ, ಅದರಲ್ಲೂ 2020ರ ನಂತರದ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ. ತಡೆಯಲು ಬ್ಯಾಟರಿ ಇಲ್ಲದಿದ್ದರೆ ವೋಲ್ಟ್ ಒಮ್ಮೆಲೇ ಏರಿ ಬಲ್ಬು, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎರಡೂ ಸುಡಬಹುದು.

ಬ್ಯಾಟರಿಯಿಂದಲೇ ಶುರು

ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೀ ಹಾಕುವ ಮೊದಲೇ ಮೀಟರ್ ಹಿಡಿಯಿರಿ. ಈಗಷ್ಟೇ ಓಡಿಸಿ ಬಂದ ಗಾಡಿಯಲ್ಲಿ ಬ್ಯಾಟರಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಡಿಸಿ 20 ರೇಂಜ್, ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. 12.6 ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಖಾಲಿ ಎಂದೇ ತಿಳಿಯಿರಿ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂದರೆ ಒಳಗಿನ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಒಂದೊಂದು ಸೆಲ್ಲೂ ಸುಮಾರು 2.1 ವೋಲ್ಟ್ ಕೊಡುವುದರಿಂದ ಲೆಕ್ಕ ಅಲ್ಲಿಗೇ ಸರಿಹೋಗುತ್ತದೆ. ಆ ಬ್ಯಾಟರಿಯನ್ನು ಮಾತ್ರ ಬದಲಿಸಲೇಬೇಕು.

ವೋಲ್ಟ್ ಸರಿ ಇದ್ದರೂ ನಂಬಬೇಡಿ, ಭಾರ ಹಾಕಿ ನೋಡಿ. ಮೀಟರ್ ಹಿಡಿದಿರುವಾಗಲೇ ಮನೆಯವರಿಗೆ ಕೀ ಆನ್ ಮಾಡಿ ಬ್ರೇಕ್ ಹಿಡಿದು ಹಾರ್ನ್ ಒತ್ತಲು ಹೇಳಿ. 12ರ ಸುತ್ತಮುತ್ತ ನಿಂತರೆ ಚಿಂತೆ ಇಲ್ಲ. ಸೆಲ್ಫ್ ಇದ್ದರೆ ಸೆಲ್ಫ್ ಒತ್ತಿಸಿ, ಆಗ 10ರ ತನಕ ಇಳಿಯುವುದು ನಡೆಯುತ್ತದೆ. 8, 7 ಎಂದು ಕುಸಿದರೆ ಬ್ಯಾಟರಿಯ ಕಸುವು ಹೋಗಿದೆ. ಆದರೆ ಖಾಲಿ ಬ್ಯಾಟರಿಗೆ ಈ ಪರೀಕ್ಷೆ ಮಾಡಿ ತೀರ್ಪು ಕೊಡಬೇಡಿ, ಅದು ಅನ್ಯಾಯ. ಮೊದಲು ಚಾರ್ಜ್ ಮಾಡಿಸಿ, ಒಂದು ರಾತ್ರಿ ಹಾಗೇ ಬಿಟ್ಟು, ಆಮೇಲೆ ನೋಡಿ.

ಚಾರ್ಜ್ ಮಾಡುವಾಗ ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ ಸಾಕು, 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್. ಕಾರು, ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲೇ ಇದನ್ನೂ ಇಟ್ಟು ಒಂದು ಗಂಟೆಯಲ್ಲಿ ತುಂಬಿಸಿ ಕೊಡುತ್ತೇವೆ ಎಂದರೆ ಬೇಡ ಅನ್ನಿ. ಸಣ್ಣ ಬ್ಯಾಟರಿ ಕುದಿದು ಹಾಳಾಗುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ಎರಡು ಗೆರೆಗಳ ನಡುವೆ ಡಿಸ್ಟಿಲ್ಡ್ ವಾಟರ್ ಇರಬೇಕು. ಬೋರ್‌ವೆಲ್ ನೀರೂ ಬೇಡ, ಕುಡಿಯುವ ಫಿಲ್ಟರ್ ನೀರೂ ಬೇಡ, ಆಸಿಡ್ಡಂತೂ ಬೇಡವೇ ಬೇಡ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಕಂಡರೆ ಬಿಸಿನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಹಳೇ ಬ್ರಶ್‌ನಿಂದ ತೊಳೆಯಿರಿ, ಸೋಡಾ ನೀರು ಸೆಲ್ ಒಳಗೆ ಹೋಗದ ಹಾಗೆ. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಕೆಲವರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಚಾರ್ಜ್ ಆಗುತ್ತಿದೆಯಾ?

ಇದು ಇಡೀ ಕೆಲಸದ ಮುಖ್ಯ ಪರೀಕ್ಷೆ, ಹಿಡಿಯುವುದು ಒಂದೇ ನಿಮಿಷ. ಎಂಜಿನ್ ಬಿಸಿಯಾದ ಮೇಲೆ ಮೀಟರನ್ನು ಬ್ಯಾಟರಿಗೇ ಹಿಡಿದು, ಐಡಲಿಂಗ್‌ನಲ್ಲಿ ಒಮ್ಮೆ ನೋಡಿ, ಆಮೇಲೆ ಆಕ್ಸಿಲರೇಟರ್ ನಿಧಾನಕ್ಕೆ ಎತ್ತಿ ರಸ್ತೆಯಲ್ಲಿ ಓಡುವಾಗಿನ ವೇಗಕ್ಕೆ ತನ್ನಿ. ಬ್ಯಾಟರಿ ವೋಲ್ಟ್ 13.5ರಿಂದ 14.5ರ ನಡುವೆ ಬಂದು ನಿಲ್ಲಬೇಕು. ಐಡಲಿಂಗ್‌ನಲ್ಲಿ 13ಕ್ಕಿಂತ ಕಡಿಮೆ ಇದ್ದರೂ ಎತ್ತಿದಾಗ ಏರಿದರೆ ಅದು ಸಣ್ಣ ಬೈಕಿನ ಸ್ವಭಾವ. ಎಷ್ಟು ಎತ್ತಿದರೂ 12.4 ಇದ್ದದ್ದು 12.4ರಲ್ಲೇ ಇದೆ, ಅಥವಾ ಇಳಿಯುತ್ತಿದೆ ಎಂದರೆ ಚಾರ್ಜಿಂಗ್ ಇಲ್ಲ.

15 ದಾಟಿದರೆ ಅದು ಬೇರೆಯೇ ಕಾಯಿಲೆ. ಬ್ಯಾಟರಿಯ ನೀರು ಪದೇ ಪದೇ ಒಣಗುವುದು, ಬ್ಯಾಟರಿಯ ಪಕ್ಕ ಉಬ್ಬುವುದು, ವಾರಕ್ಕೊಂದು ಬಲ್ಬ್ ಹೋಗುವುದು, ಇವೆಲ್ಲ ಅದರ ಗುರುತು. ಆರ್‌ಆರ್ ಯೂನಿಟ್ ವೋಲ್ಟ್ ತಡೆಯುತ್ತಿಲ್ಲ. ಆದರೂ ಹೊಸದು ತರುವ ಮೊದಲು ಅದರ ಅರ್ತ್ ವೈರ್ (ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಒಮ್ಮೆ ನೋಡಿ. ಅರ್ತ್ ಸಡಿಲವಾದರೆ ಒಳ್ಳೆಯ ಯೂನಿಟ್ಟೂ ಹೀಗೇ ಆಡುತ್ತದೆ.

ಒಂದು ಎಚ್ಚರಿಕೆ. ಬ್ಯಾಟರಿ ಒಳಗೇ ಶಾರ್ಟ್ ಆಗಿದ್ದರೆ ಚಾರ್ಜಿಂಗ್ ಚೆನ್ನಾಗಿದ್ದರೂ ವೋಲ್ಟ್ ಏರುವುದಿಲ್ಲ. ಅನುಮಾನ ಬಂದರೆ ಗೆಳೆಯರ ಬೈಕಿನ ಒಳ್ಳೆಯ ಬ್ಯಾಟರಿ ಹತ್ತು ನಿಮಿಷಕ್ಕೆ ಕೇಳಿ ತಂದು ಹಾಕಿ ನೋಡಿ.

ಚಾರ್ಜ್ ಇಲ್ಲದಿದ್ದರೆ

ಫ್ಯೂಸ್ ನೋಡಿ. ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಿ ಓಡಿಸಿದರೆ ಮುಂದಿನ ಸಲ ಸುಡುವುದು ವೈರಿಂಗೇ.

ಆಮೇಲೆ ಆರ್‌ಆರ್ ಯೂನಿಟ್‌ನ ಕಪ್ಲರ್ ಹುಡುಕಿ. ಹೀರೋ ಹೋಂಡಾ ಬೈಕುಗಳಲ್ಲಿ ಅಲ್ಲಿಗೆ ನಾಲ್ಕು ವೈರ್ ಬರುತ್ತವೆ. ಕೆಂಪು ಬ್ಯಾಟರಿಗೆ, ಹಸಿರು ಅರ್ತ್, ಬಿಳಿ ಚಾರ್ಜಿಂಗ್ ಕಾಯಿಲ್, ಹಳದಿ ಲೈಟ್ ಕಾಯಿಲ್. ಬೇರೆ ಕಂಪನಿಗಳಲ್ಲಿ ಬಣ್ಣ ಬೇರೆ, ಹಾಗಾಗಿ ನಿಮ್ಮ ಗಾಡಿಯ ವೈರಿಂಗ್ ಚಿತ್ರ ನೋಡಿಕೊಳ್ಳಿ.

ನನ್ನ ಬೈಕಿನ ತಪ್ಪು ಸಿಕ್ಕಿದ್ದು ಇಲ್ಲೇ. ಕಪ್ಲರ್ ಹೊರಗಿನಿಂದ ಬೆಳ್ಳಗೆ ಚೆನ್ನಾಗಿಯೇ ಇತ್ತು. ಎಳೆದಾಗ ಸುಲಭಕ್ಕೆ ಬರಲಿಲ್ಲ, ಬಂದಾಗ ಒಳಗೆ ಕೆಂಪು ವೈರಿನ ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಕಾಫಿ ಬಣ್ಣಕ್ಕೆ ತಿರುಗಿತ್ತು, ಪಿನ್ ಮೇಲೆ ಕಪ್ಪು ಪದರ, ವೈರಿನ ತುದಿಯಲ್ಲಿ ಹಸಿರು ಕಿಲುಬು, ಬೆರಳಲ್ಲಿ ಸ್ವಲ್ಪ ಬಗ್ಗಿಸಿದರೆ ಎಳೆಗಳು ಪುಡಿಪುಡಿ. ಸರ್ವಿಸ್‌ನಲ್ಲಿ ಜೋರಾಗಿ ನೀರು ಹೊಡೆದು ತೊಳೆದದ್ದು ಒಳಗೆ ಸೇರಿ ಪಿನ್ ಸಡಿಲವಾಗಿ, ಸಡಿಲವಾದ ಕಡೆ ಬಿಸಿಯಾಗಿ, ಬಿಸಿಗೆ ಇನ್ನಷ್ಟು ಸಡಿಲವಾಗಿ, ಹೀಗೆ ನಿಧಾನಕ್ಕೆ ಸುಟ್ಟುಕೊಂಡಿತ್ತು. ಹೊಸ ಪಿನ್ ಹಾಕಿ ಬೆಸುಗೆ ಕೊಟ್ಟ ಮೇಲೆ ಅದೇ ಬ್ಯಾಟರಿಯಲ್ಲಿ ಮೀಟರ್ 14.1 ತೋರಿಸಿತು.

ನಿಮ್ಮದನ್ನು ಹೀಗೆ ಪರೀಕ್ಷಿಸಿ. ಎಂಜಿನ್ ನಿಲ್ಲಿಸಿ ಕೆಂಪು ವೈರಿಗೂ ಅರ್ತಿಗೂ ಮೀಟರ್ ಹಿಡಿದರೆ ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು (ಕೆಲವು ಗಾಡಿಗಳಲ್ಲಿ ಕೀ ಆನ್ ಇರಬೇಕು). ಬರದಿದ್ದರೆ ನಡುವೆ ವೈರ್ ಕಡಿದಿದೆ. ಬಂದರೆ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಎತ್ತಿ, ಮೀಟರಿನ ಒಂದು ಕಡ್ಡಿ ಆ ಕೆಂಪು ವೈರಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ ಹಿಡಿಯಿರಿ. 0.2 ವೋಲ್ಟಿನ ಒಳಗಿದ್ದರೆ ದಾರಿ ಚೊಕ್ಕ. ಒಂದು ವೋಲ್ಟ್, ಒಂದೂವರೆ ವೋಲ್ಟ್ ತೋರಿಸಿದರೆ ಬ್ಯಾಟರಿಗೆ ಸೇರಬೇಕಾದದ್ದು ನಡುವೆ ಎಲ್ಲೋ ಬಿಸಿಯಾಗಿ ಹೋಗುತ್ತಿದೆ. ಅದೇ ರೀತಿ ಯೂನಿಟ್‌ನ ಹಸಿರು ವೈರಿಗೂ ಬ್ಯಾಟರಿ ಮೈನಸ್ಸಿಗೂ ಹಿಡಿದು ನೋಡಿ.

ವೈರ್ ಸರಿ ಇದ್ದರೆ ಮುಂದಿನದು ಕಾಯಿಲ್. ಕಪ್ಲರ್ ಬಿಚ್ಚುವ ಮೊದಲು ಹೆಡ್‌ಲೈಟ್ ಸ್ವಿಚ್ ಆಫ್ ಮಾಡಿ, ಸ್ವಿಚ್ ಇಲ್ಲದ ಗಾಡಿಯಾದರೆ ಹೆಡ್‌ಲೈಟ್ ಕಪ್ಲರನ್ನೇ ಕಳಚಿ. ಎಸಿ ಲೈಟಿನ ಬೈಕಿನಲ್ಲಿ ಯೂನಿಟ್ ಬಿಚ್ಚಿದ ಕೂಡಲೇ ವೋಲ್ಟ್ ತಡೆಯುವವರು ಯಾರೂ ಇರುವುದಿಲ್ಲ, ಒಂದು ಸಲ ಎತ್ತಿದರೆ ಬಲ್ಬ್ ಹೋಯಿತು. ಈಗ ಎಸಿ 200 ರೇಂಜ್ ಇಟ್ಟು ಕಾಯಿಲ್ ಕಡೆಯಿಂದ ಬರುವ ಬಿಳಿ ವೈರಿಗೂ ಅರ್ತಿಗೂ ಹಿಡಿದು ಎಂಜಿನ್ ಓಡಿಸಿ. ಸಂಖ್ಯೆ ಎಷ್ಟು ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ನೋಡಬೇಕಾದದ್ದು ಆಕ್ಸಿಲರೇಟರ್ ಜೊತೆಗೆ ಅದು ಸರಾಗವಾಗಿ ಏರುತ್ತದಾ ಎಂದು. ಐಡಲಿಂಗ್‌ನಲ್ಲಿ ಹತ್ತಿಪ್ಪತ್ತು ವೋಲ್ಟ್ ಇದ್ದದ್ದು ಎತ್ತಿದಾಗ ಎರಡು ಮೂರು ಪಟ್ಟಾದರೆ ಕಾಯಿಲ್ ಗಟ್ಟಿ ಇದೆ. ಎರಡು ಮೂರು ವೋಲ್ಟಿನಲ್ಲೇ ಒದ್ದಾಡಿದರೆ ಸುಟ್ಟಿದೆ ಅಥವಾ ಕಡಿದಿದೆ.

ಎಂಜಿನ್ ನಿಲ್ಲಿಸಿ ಓಮ್ ರೇಂಜಿನಲ್ಲೂ ನೋಡಬಹುದು, ಕಾಯಿಲ್ ಸುಮಾರು ಒಂದು ಓಮ್ ಅಥವಾ ಕಡಿಮೆ ತೋರಿಸುತ್ತದೆ. ಮೊದಲು ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಮೀಟರ್ ಎಷ್ಟು ತೋರಿಸುತ್ತದೋ ಅಷ್ಟನ್ನು ಕಳೆಯಿರಿ. ಇಲ್ಲಿ ಜನ ಮೋಸ ಹೋಗುವುದು ಒಂದು ಕಡೆ. ಹಳೆಯ ಬೈಕುಗಳಲ್ಲಿ ಕಾಯಿಲ್‌ನ ಒಂದು ತುದಿ ಎಂಜಿನ್ ಬಾಡಿಗೇ ಅರ್ತ್ ಆಗಿರುತ್ತದೆ, ಹಾಗಾಗಿ ಕಾಯಿಲ್ ವೈರಿಗೂ ಬಾಡಿಗೂ ಮೀಟರ್ ಬೀಪ್ ಅನ್ನಲೇಬೇಕು. ಅದನ್ನು ಕೇಳಿ ಕಾಯಿಲ್ ಶಾರ್ಟ್ ಎಂದು ಒಳ್ಳೆಯದನ್ನೇ ಎಸೆದವರಿದ್ದಾರೆ. ಎರಡು ಅಥವಾ ಮೂರು ಒಂದೇ ಬಣ್ಣದ ವೈರ್ ಬರುವ ಹೊಸ ಗಾಡಿಗಳಲ್ಲಿ ಮಾತ್ರ ಬಾಡಿಗೆ ಬೀಪ್ ಬರಬಾರದು, ವೈರ್‌ಗಳ ನಡುವೆ ಅಳೆದ ವೋಲ್ಟೂ ಎಲ್ಲ ಜೋಡಿಗಳಲ್ಲಿ ಒಂದೇ ಸಮ ಇರಬೇಕು.

ತಣ್ಣಗಿದ್ದಾಗ ಚೆನ್ನಾಗಿ ಚಾರ್ಜ್ ಆಗಿ ಅರ್ಧ ಗಂಟೆ ಓಡಿದ ಮೇಲೆ ನಿಲ್ಲುವ ಕಾಯಿಲ್‌ಗಳೂ ಇವೆ. ಬಿಸಿಗೆ ಒಳಗಿನ ಇನ್ಸುಲೇಷನ್ ಸೋಲುತ್ತದೆ. ಅನುಮಾನ ಇದ್ದರೆ ದೂರ ಓಡಿಸಿ ಬಂದ ತಕ್ಷಣ ಇದೇ ಪರೀಕ್ಷೆ ಮಾಡಿ.

ಬ್ಯಾಟರಿ ಸರಿ, ವೈರ್ ಸರಿ, ಕಾಯಿಲ್ ಸರಿ ಎಂದಾದರೆ ಉಳಿದದ್ದು ಆರ್‌ಆರ್ ಯೂನಿಟ್. ಅದನ್ನು ಓಮ್ ಮೀಟರಿನಲ್ಲಿ ನೋಡಿ ಖಚಿತವಾಗಿ ಹೇಳುವುದು ಕಷ್ಟ, ಅದೇ ಮಾದರಿಯ ಒಳ್ಳೆಯದೊಂದನ್ನು ಹಾಕಿ ನೋಡುವುದೇ ನೆಟ್ಟಗಿನ ದಾರಿ. ಕೂರಿಸುವಾಗ ಹಿಂಬದಿಯ ಮಣ್ಣು, ತುಕ್ಕು ಉಜ್ಜಿ ಬಿಗಿಯಾಗಿ ಕೂರಿಸಿ. ಅದರ ಬಿಸಿ ಫ್ರೇಮಿಗೆ ಹೋಗಬೇಕು, ಕೆಲವದರಲ್ಲಿ ಅರ್ತ್ ಕೂಡ ಅಲ್ಲಿಂದಲೇ.

ಲೈಟಿನ ತೊಂದರೆಗಳು

ಎಸಿ ಹೆಡ್‌ಲೈಟ್ ಐಡಲಿಂಗ್‌ನಲ್ಲಿ ಮಂಕಾಗಿ ಎತ್ತಿದಾಗ ಪ್ರಕಾಶ ಆಗುವುದು ರೋಗ ಅಲ್ಲ. ಎತ್ತಿದಾಗಲೂ ಮಂಕಾಗಿದ್ದರೆ ಬಲ್ಬಿನ ಹೋಲ್ಡರ್, ಡಿಮ್-ಡಿಪ್ ಸ್ವಿಚ್, ಅರ್ತ್ ಈ ಮೂರನ್ನು ಮೊದಲು ನೋಡಿ. ಲೋ ಬೀಮ್ ಉರಿದು ಹೈ ಬೀಮ್ ಉರಿಯದಿದ್ದರೆ ಬಲ್ಬಿನ ಒಂದು ತಂತಿ ಹೋಗಿದೆ ಅಥವಾ ಸ್ವಿಚ್ ಒಳಗೆ ಕಿಲುಬು ಹಿಡಿದಿದೆ. ಎಸಿ ಲೈಟಿನ ಬೈಕಿಗೆ ಸಿಕ್ಕಿದ ಎಲ್‌ಇಡಿ ಬಲ್ಬ್ ಹಾಕಬೇಡಿ. ಡಿಸಿಗೆಂದೇ ಮಾಡಿದ್ದು ಅಲ್ಲಿ ಮಿಣಮಿಣ ಅನ್ನುತ್ತದೆ, ಬೇಗ ಸಾಯುತ್ತದೆ.

ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಲೈಟ್ ಆರುತ್ತದೆ, ನೇರ ಮಾಡಿದರೆ ಹತ್ತುತ್ತದೆ. ಇಂಥದ್ದಕ್ಕೆ ಹೆಡ್‌ಲೈಟ್ ಹಿಂದೆ, ಹ್ಯಾಂಡಲ್ ಕೆಳಗಿನ ಕತ್ತಿನಲ್ಲಿ ಹಾದುಹೋಗುವ ವೈರಿನ ಕಟ್ಟು ನೋಡಿ. ಸಾವಿರಾರು ಸಲ ಬಗ್ಗಿ ಬಗ್ಗಿ ಒಳಗಿನ ತಾಮ್ರ ಕಡಿದಿರುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಇದ್ದ ಹಾಗೇ ಇರುತ್ತದೆ. ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ, ಕಡಿದದ್ದು ರಬ್ಬರಿನ ಹಾಗೆ ಉದ್ದವಾಗುತ್ತದೆ.

ಬ್ರೇಕ್ ಒತ್ತಿದರೆ ಟೇಲ್ ಲೈಟ್ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಅದರ ಜೊತೆ ಬೇರೆ ದೀಪವೂ ಮಿಣುಕುವುದು, ಇವೆರಡೂ ಅರ್ತ್ ಕೆಟ್ಟದ್ದರ ಲಕ್ಷಣ. ತನ್ನ ದಾರಿ ಮುಚ್ಚಿದಾಗ ಕರೆಂಟ್ ಪಕ್ಕದ ಬಲ್ಬಿನ ಒಳಗಿಂದ ಹಾದು ವಾಪಸ್ ಹೋಗುತ್ತದೆ. ಆ ಲೈಟಿನ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ ಒಂದು ವೈರ್ ತಾತ್ಕಾಲಿಕವಾಗಿ ಹಿಡಿಯಿರಿ. ಸರಿಯಾಯಿತಾ? ಹಾಗಾದರೆ ಅರ್ತ್ ಬೋಲ್ಟ್ ಬಿಚ್ಚಿ, ಬಣ್ಣ ತುಕ್ಕು ಉಜ್ಜಿ, ಹೊಳೆಯುವ ಲೋಹದ ಮೇಲೆ ಮತ್ತೆ ಬಿಗಿ ಮಾಡಿ.

ಒಂದು ಕಡೆಯ ಇಂಡಿಕೇಟರ್ ಮಾತ್ರ ತುಂಬಾ ಬೇಗ ಬೇಗ ಮಿಣುಕಿದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ.

ಮಳೆಗಾಲದಲ್ಲಿ ಹಿಂದಿನ ಬ್ರೇಕ್ ಸ್ವಿಚ್ ಮರೆಯಬೇಡಿ. ಪೆಡಲ್ ಹತ್ತಿರ ಸ್ಪ್ರಿಂಗ್ ಕಟ್ಟಿಕೊಂಡಿರುವ ಸಣ್ಣ ಸ್ವಿಚ್ ಅದು. ಕೆಸರು ತುಂಬಿ ಅಂಟಿಕೊಂಡರೆ ಬ್ರೇಕ್ ಬಿಟ್ಟರೂ ಲೈಟ್ ಉರಿಯುತ್ತಲೇ ಇರುತ್ತದೆ, ಓಡಿಸುವವರಿಗೆ ಅದು ಕಾಣುವುದೇ ಇಲ್ಲ. 21 ವ್ಯಾಟ್ ಬಲ್ಬ್ ಎಂದರೆ ಹತ್ತಿರ ಹತ್ತಿರ 1.75 ಆಂಪಿಯರ್. ಪೇಟೆಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವ ಸಣ್ಣ ಬೈಕಿನ ಚಾರ್ಜಿಂಗನ್ನೆಲ್ಲ ಆ ಒಂದು ಬಲ್ಬೇ ತಿಂದುಬಿಡಬಹುದು. ಸಂಜೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿ ಬಿಟ್ಟರೆ ಕೆಂಪು ಬೆಳಕು ಆರಿತಾ ಎಂದು ಗೊತ್ತಾಗುತ್ತದೆ.

ಎಲ್ಲ ಸರಿ ಇದೆ, ಆದರೂ ನಿಂತಲ್ಲೇ ಇಳಿಯುತ್ತದೆ

ಚಾರ್ಜಿಂಗ್ 14 ಬರುತ್ತದೆ, ಬ್ಯಾಟರಿ ಹೊಸದು, ಆದರೂ ನಾಲ್ಕು ದಿನ ನಿಲ್ಲಿಸಿದರೆ ಸೆಲ್ಫ್ ಎತ್ತುವುದಿಲ್ಲ. ಅಂದರೆ ಕೀ ಆಫ್ ಇದ್ದಾಗಲೂ ಎಲ್ಲೋ ಕರೆಂಟ್ ಸೋರುತ್ತಿದೆ. ಕೀ ತೆಗೆದು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ವೈರಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಮೀಟರ್ ಇಡಿ. ಸೊನ್ನೆ ತೋರಿಸಿದರೆ ಮಿಲಿ ಆಂಪಿಯರ್ ರೇಂಜಿಗೆ ಇಳಿಸಿ. ಈ ಸ್ಥಿತಿಯಲ್ಲಿ ಕೀ ಆನ್ ಮಾಡಿದರೆ, ಸೆಲ್ಫ್ ಒತ್ತಿದರೆ ಮೀಟರ್ ಸುಡುತ್ತದೆ, ಹುಷಾರು. ಆಂಪಿಯರ್‌ನಲ್ಲಿಟ್ಟ ಮೀಟರನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗೆ ನೇರವಾಗಿ ಹಿಡಿದರೂ ಅದೇ ಗತಿ.

ಸಾದಾ ಬೈಕಿನಲ್ಲಿ ಒಂದು ಮಿಲಿ ಆಂಪಿಯರಿನ ಒಳಗೆ ಇರಬೇಕು. ಗಡಿಯಾರ, ಅಲಾರಂ ಇರುವ ಗಾಡಿಗಳಲ್ಲಿ ಸ್ವಲ್ಪ ಜಾಸ್ತಿ. 50 ಮಿಲಿ ಆಂಪಿಯರ್ ಸೋರಿದರೆ 5 ಆಂಪಿಯರ್-ಅವರ್ ಬ್ಯಾಟರಿ 100 ಗಂಟೆಯಲ್ಲಿ ಪೂರ್ತಿ ಖಾಲಿ, ಅಂದರೆ ಸುಮಾರು ಆ ನಾಲ್ಕು ದಿನ. ಮೀಟರ್ ನೋಡುತ್ತಲೇ ಒಂದೊಂದೇ ಬಿಚ್ಚುತ್ತಾ ಬನ್ನಿ. ಮೊದಲು ಹೊರಗಿನಿಂದ ಹಾಕಿಸಿದ್ದು, ಮೊಬೈಲ್ ಚಾರ್ಜರ್, ಅಲಾರಂ, ಜಿಪಿಎಸ್, ಜಾಸ್ತಿ ಲೈಟು. ನೇರ ಬ್ಯಾಟರಿಗೇ ವೈರ್ ಎಳೆದು ಹಾಕಿರುವುದು ಇವನ್ನೇ. ಆಮೇಲೆ ಆರ್‌ಆರ್ ಯೂನಿಟ್‌ನ ಕಪ್ಲರ್, ಅದರ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸೋತರೆ ಬ್ಯಾಟರಿಯ ಕರೆಂಟ್ ಅಲ್ಲಿಂದಲೇ ಹಿಂದಕ್ಕೆ ಹೋಗುತ್ತದೆ. ಕೊನೆಗೆ ಕೀ ಸ್ವಿಚ್‌ನ ಕಪ್ಲರ್. ಯಾವುದನ್ನು ಕಳಚಿದಾಗ ಮೀಟರ್ ಥಟ್ಟನೆ ಸೊನ್ನೆಯ ಹತ್ತಿರ ಇಳಿಯಿತೋ, ತಪ್ಪು ಇರುವುದು ಆ ಜಾಗದಲ್ಲೇ. ಅದನ್ನು ಸರಿ ಮಾಡಿ, ಮೈನಸ್ ವೈರ್ ವಾಪಸ್ ಹಾಕುವ ಮೊದಲು ಇನ್ನೊಂದು ಸಲ ಅಳೆದು ನೋಡಿ.